ಒಂದೇ ಸೂರು, ಬೇರೆ ಬೇರೆ ಒಲೆ: ತಂತ್ರಾಂಶ ಕಂಟೇನರ್‌ಗಳ ಹಿನ್ನೋಟ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ, ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಮಳೆಗಾಗಿ ಮುಗಿಲು ನೋಡುವ ಸೀಮೆ ಇದು. ಮಧುಗಿರಿಯ ಒಂದು ಕಾಲೇಜಿನ ವಿದ್ಯಾರ್ಥಿಗಳು ಊರೂರಿನ ಮಳೆಯ ಪ್ರಮಾಣವನ್ನು ದಿನವೂ ದಾಖಲಿಸಿ ತೋರಿಸುವ ತಂತ್ರಾಂಶವೊಂದನ್ನು ಸಿದ್ಧಪಡಿಸಿದ್ದಾರೆಂದು ಊಹಿಸಿಕೊಳ್ಳಿ. ಅವರ ಗಣಕದಲ್ಲಿ ಅದು ಸೊಗಸಾಗಿ ನಡೆಯುತ್ತದೆ. ಉಳಿದ ಮೂರು ತಾಲ್ಲೂಕುಗಳ ಗೆಳೆಯರಿಗೂ ಅದನ್ನು ಪೆನ್ ಡ್ರೈವಿನಲ್ಲಿ ಕಳುಹಿಸಿಕೊಡುತ್ತಾರೆ.

ಮುಂದೇನಾಗುತ್ತದೆ? ಶಿರಾದ ಗಣಕದಲ್ಲಿ ಹಿಂದೆಯೇ ಯಾರೋ ಸ್ಥಾಪಿಸಿದ್ದ ಇನ್ನೊಂದು ದತ್ತಸಂಚಯ 5432ನೇ ಪೋರ್ಟನ್ನು ಆಕ್ರಮಿಸಿಕೊಂಡಿದೆ. ಹೊಸದು ಏಳುವುದೇ ಇಲ್ಲ. ಕೊರಟಗೆರೆಯಲ್ಲಿರುವುದು ಪೈಥಾನ್ ಭಾಷೆಯ ಹಳೆಯ ಆವೃತ್ತಿ. ಮೊದಲ ಸಾಲಿನಲ್ಲೇ ದೋಷ ಸೂಚನೆ. ಪಾವಗಡದಲ್ಲಿ ಬೇಕಾದ ಉಪ ತಂತ್ರಾಂಶಗಳನ್ನು ಇಳಿಸಿಕೊಳ್ಳುತ್ತಿರುವಾಗ ಅಂತರಜಾಲದ ಸಂಪರ್ಕ ಕಡಿದುಹೋಗುತ್ತದೆ. ಹೇಗೋ ಎಲ್ಲವನ್ನೂ ಸರಿಪಡಿಸಿದ ಮೇಲೆ ಹೊಸದೊಂದು ತೊಡಕು: ಮಧುಗಿರಿಯಲ್ಲಿ ‘ಕಸಬಾ’ ಮೊದಲು, ‘ಕಳಸ’ ಆಮೇಲೆ ಬರುತ್ತಿದ್ದ ಪಟ್ಟಿ ಶಿರಾದಲ್ಲಿ ತಿರುವುಮುರುವಾಗಿದೆ!

ಈ ಕೊನೆಯ ತೊಡಕನ್ನು ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕು. ಯೂನಿಕೋಡ್ ಸಂಕೇತಗಳಲ್ಲಿ ‘ಳ’ ಅಕ್ಷರವನ್ನು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು ಇರಿಸಲಾಗಿದೆ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ರೂಪಿಸಿದ್ದ ಇಸ್ಕಿ ಸಂಕೇತದಿಂದ ಬಂದ ಕ್ರಮ ಅದು. ನಮ್ಮ ವರ್ಣಮಾಲೆಯಲ್ಲಾದರೋ ‘ಳ’ ಇರುವುದು ‘ಹ’ದ ನಂತರ. ದತ್ತಸಂಚಯವು ಬರಿಯ ಸಂಕೇತ ಸಂಖ್ಯೆಗಳನ್ನು ಹೋಲಿಸಿದರೆ ‘ಕಳಸ’ ಮೊದಲು ಬರುತ್ತದೆ. ಭಾಷೆಯ ನಿಯಮವನ್ನು ಅನುಸರಿಸಿದರೆ ‘ಕಸಬಾ’ ಮೊದಲು ಬರುತ್ತದೆ. ಎರಡರಲ್ಲಿ ಯಾವುದು ನಡೆಯಬೇಕೆಂಬುದನ್ನು ವಿದ್ಯಾರ್ಥಿಗಳು ಬರೆದ ಕ್ರಮವಿಧಿ ನಿರ್ಧರಿಸಿಲ್ಲ. ಆಯಾ ಗಣಕದಲ್ಲಿ ಮೊದಲೇ ಇದ್ದ ಭಾಷಾ ಹೊಂದಾಣಿಕೆ ನಿರ್ಧರಿಸಿದೆ.

‘ನನ್ನ ಗಣಕದಲ್ಲಿ ಸರಿಯಾಗಿಯೇ ಇದೆಯಲ್ಲ!’ ತಂತ್ರಾಂಶ ಬರೆಯುವವರೆಲ್ಲ ಒಂದಲ್ಲ ಒಂದು ದಿನ ಆಡುವ ಮಾತಿದು. ಈ ಮಾತಿನ ಹಿಂದಿರುವ ಸಮಸ್ಯೆಗೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಪರಿಹಾರವೇ ಕಂಟೇನರ್. ಅದು ಒಬ್ಬರಿಂದ ಒಂದೇ ದಿನ ಆದ ಆವಿಷ್ಕಾರವಲ್ಲ. 34 ವರ್ಷಗಳಲ್ಲಿ ಹಲವು ದೇಶಗಳ ಜನ ಒಂದೊಂದು ಕಲ್ಲಿಟ್ಟು ಕಟ್ಟಿದ್ದು. ಅದರಲ್ಲೊಂದು ಮುಖ್ಯ ಕಲ್ಲು ನಮ್ಮ ಬೆಂಗಳೂರಿನದು.

177 ತಾಲ್ಲೂಕುಗಳ ಪಾಠ

ಒಂದೇ ತಂತ್ರಾಂಶ ಹಲವು ಊರುಗಳಲ್ಲಿ ಒಂದೇ ರೀತಿ ನಡೆಯಬೇಕೆಂಬ ಅಗತ್ಯ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯನ್ನು ನೆನೆಯಿರಿ. ರೈತರ ಪಹಣಿಗಳನ್ನು ಗಣಕಕ್ಕೆ ಸೇರಿಸಿ, ತಾಲ್ಲೂಕು ಕಚೇರಿಯಲ್ಲೇ ಮುದ್ರಿಸಿಕೊಡುವ ವ್ಯವಸ್ಥೆ ಅದು. ಆಗ ರಾಜ್ಯದಲ್ಲಿದ್ದ 177 ತಾಲ್ಲೂಕುಗಳಲ್ಲೂ ಅದು ನಡೆಯಬೇಕಾಗಿತ್ತು. ಈ ನಾಲ್ಕು ತಾಲ್ಲೂಕುಗಳೂ ಅವುಗಳಲ್ಲಿ ಸೇರಿದ್ದವು. ಮೊದಲ ಹಂತದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇರುತ್ತಿತ್ತು.

ಅಂದಿನ ಪರಿಹಾರ ನೇರವಾದದ್ದು: ಒಂದು ಕೆಲಸಕ್ಕೆ ಒಂದು ಗಣಕ. ಆ ಗಣಕವನ್ನು ಬೇರೆ ಯಾವುದಕ್ಕೂ ಬಳಸದಿದ್ದರೆ ಜಗಳವೇ ಇಲ್ಲ. ಸರ್ಕಾರದ ದೊಡ್ಡ ಯೋಜನೆಗೆ ಇದು ಸಾಧ್ಯ. ಆದರೆ ಒಂದೇ ಹಳೆಯ ಗಣಕದಲ್ಲಿ ಬೆಳಿಗ್ಗೆ ಒಂದು ತರಗತಿ, ಮಧ್ಯಾಹ್ನ ಇನ್ನೊಂದು ತರಗತಿ ನಡೆಸಬೇಕಾದ ಶಾಲೆಗೆ ಈ ಪರಿಹಾರ ನಿಲುಕದು.

ಬೇರೆ ಮನೆಯೇ? ಬೇರೆ ಒಲೆಯೇ?

ಒಟ್ಟು ಕುಟುಂಬವೊಂದರಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಎರಡು ದಾರಿಗಳಿವೆ. ಒಂದು, ಪ್ರತಿಯೊಬ್ಬರಿಗೂ ಹೊಸ ಮನೆ ಕಟ್ಟುವುದು. ಇನ್ನೊಂದು, ಅದೇ ಮನೆಯಲ್ಲಿ ಒಲೆಗಳನ್ನು ಮಾತ್ರ ಬೇರೆ ಮಾಡಿಕೊಳ್ಳುವುದು. ಸೂರು, ಬಾವಿ, ಅಂಗಳ ಎಲ್ಲರಿಗೂ ಒಂದೇ. ಅಡುಗೆ ಮಾತ್ರ ಅವರವರದು.

ಗಣಕ ವಿಜ್ಞಾನದಲ್ಲಿ ಮೊದಲು ಕಂಡ ದಾರಿ ಹೊಸ ಮನೆಯದು. 1960ರ ದಶಕದಲ್ಲೇ ಐಬಿಎಂ ಸಂಸ್ಥೆಯ ತಂತ್ರಜ್ಞರು ಒಂದು ದೊಡ್ಡ ಗಣಕವನ್ನು ಹಲವು ತೋರಿಕೆಯ ಗಣಕಗಳಾಗಿ ಒಡೆಯುವ ವಿಧಾನ ಕಂಡುಕೊಂಡರು. 1972ರಲ್ಲಿ ಅದು ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇವನ್ನು ವರ್ಚುವಲ್ ಯಂತ್ರಗಳೆನ್ನುತ್ತಾರೆ. ಪ್ರತಿಯೊಂದರಲ್ಲೂ ಒಂದು ಪೂರ್ಣ ಕಾರ್ಯಾಚರಣ ವ್ಯವಸ್ಥೆ ಇರುತ್ತದೆ. ಪ್ರತ್ಯೇಕತೆ ಗಟ್ಟಿ, ಆದರೆ ವೆಚ್ಚ ಹೆಚ್ಚು. ಮೂರು ಕೆಲಸಗಳಿಗೆ ಮೂರು ಕಾರ್ಯಾಚರಣ ವ್ಯವಸ್ಥೆಗಳನ್ನು ಹೊರಬೇಕಾದರೆ ಸಣ್ಣ ಗಣಕ ಏದುಸಿರು ಬಿಡುತ್ತದೆ.

ಬೇರೆ ಒಲೆಯ ದಾರಿ ಆರಂಭವಾದದ್ದು 1979ರಲ್ಲಿ. ಬೆಲ್ ಪ್ರಯೋಗಾಲಯದ ಯೂನಿಕ್ಸ್ ವ್ಯವಸ್ಥೆಯ ಏಳನೇ ಆವೃತ್ತಿಯಲ್ಲಿ ‘ಸಿಎಚ್‌ರೂಟ್’ ಎಂಬ ಪುಟ್ಟ ಸೌಲಭ್ಯ ಸೇರಿತು. ಚಾಲನೆಯಲ್ಲಿರುವ ಒಂದು ಕ್ರಮವಿಧಿಗೆ ‘ಇಗೋ, ಈ ಕಡತಕೋಶವೇ ನಿನ್ನ ಇಡೀ ಪ್ರಪಂಚ’ ಎಂದು ಹೇಳುವ ವಿಧಾನವಿದು. ಅದರಾಚೆಯ ಕಡತಗಳು ಅದಕ್ಕೆ ಕಾಣವು. ಆದರೆ ಉಳಿದೆಲ್ಲವೂ ಬಯಲು. ಪಕ್ಕದಲ್ಲಿ ನಡೆಯುತ್ತಿರುವ ಇತರ ಕ್ರಮವಿಧಿಗಳು ಕಾಣುತ್ತವೆ, ಜಾಲದ ವಿಳಾಸ ಎಲ್ಲರಿಗೂ ಒಂದೇ, ಮೆಮೊರಿಯನ್ನು ಎಷ್ಟು ಬೇಕಾದರೂ ಬಾಚಿಕೊಳ್ಳಬಹುದು.

2000ದ ಮಾರ್ಚ್‌ನಲ್ಲಿ ಬಂದ ಫ್ರೀಬಿಎಸ್‌ಡಿ 4.0 ಆವೃತ್ತಿಯಲ್ಲಿ ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ ಕ್ಯಾಂಪ್ ‘ಜೈಲ್’ ಎಂಬ ಸೌಲಭ್ಯ ಸೇರಿಸಿದರು. ಕಡತಗಳ ಜೊತೆಗೆ ಕ್ರಮವಿಧಿಗಳ ಪಟ್ಟಿ, ಜಾಲದ ವಿಳಾಸಗಳೂ ಈಗ ಬೇರೆಯಾದವು. ಕೋಣೆಗೆ ಗೋಡೆಗಳು ಎದ್ದವು.

ಗೋಡೆ ಎದ್ದರೆ ಸಾಕೆ? ಅಳತೆಯೂ ಬೇಕು

ಲಿನಕ್ಸ್‌ನಲ್ಲಿ ಗೋಡೆಗಳು ಒಂದೊಂದಾಗಿ ಎದ್ದವು. ಇವಕ್ಕೆ ‘ನೇಮ್‌ಸ್ಪೇಸ್’ ಎಂದು ಹೆಸರು. ಕಡತ ವ್ಯವಸ್ಥೆಯ ಗೋಡೆ 2002ರಲ್ಲಿ, ಕ್ರಮವಿಧಿಗಳ ಪಟ್ಟಿಯದು 2008ರಲ್ಲಿ, ಬಳಕೆದಾರರ ಗುರುತಿನದು ಪೂರ್ಣಗೊಂಡದ್ದು 2013ರಲ್ಲಿ. ಗೋಡೆಯೊಳಗಿನ ಕ್ರಮವಿಧಿ ‘ಈ ಗಣಕದಲ್ಲಿ ನಾನೇ ಮೊದಲಿಗ’ ಎಂದು ನಂಬುತ್ತದೆ. ವಾಸ್ತವದಲ್ಲಿ ಕೆಳಗಿರುವ ಕರ್ನೆಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಎಲ್ಲರಿಗೂ ಒಂದೇ.

ಆದರೆ ಒಲೆ ಬೇರೆಯಾಗಿ ಕಣಜ ಮಾತ್ರ ಒಂದೇ ಇದ್ದರೆ ಏನಾಗುತ್ತದೆ? ಒಬ್ಬನು ಮೊದಲ ತಿಂಗಳಲ್ಲೇ ರಾಗಿಯನ್ನೆಲ್ಲ ಖಾಲಿ ಮಾಡಿಬಿಡಬಹುದು. ಇಂತಿಷ್ಟು ಸೇರು ಎಂದು ಅಳೆದುಕೊಡುವ ವ್ಯವಸ್ಥೆ ಬೇಕು. 2006ರಲ್ಲಿ ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಇಂಥದೊಂದು ಚೌಕಟ್ಟಿನ ಕೆಲಸ ಆರಂಭಿಸಿದರು. ಮೊದಲು ಅದನ್ನು ‘ಪ್ರಾಸೆಸ್ ಕಂಟೇನರ್’ ಎಂದೇ ಕರೆದರು. ಕಂಟೇನರ್ ಎಂಬ ಪದಕ್ಕೆ ಆಗಲೇ ಹಲವು ಅರ್ಥಗಳಿದ್ದುದರಿಂದ 2007ರಲ್ಲಿ ಹೆಸರು ‘ಕಂಟ್ರೋಲ್ ಗ್ರೂಪ್’ ಎಂದಾಯಿತು. 2008ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನೆಲ್‌ನ 2.6.24ನೇ ಆವೃತ್ತಿಗೆ ಅದು ಸೇರಿತು.

ಚೌಕಟ್ಟು ಬಂತು. ಅಳೆಯುವ ಸೇರು, ಬಳ್ಳಗಳನ್ನು ಮಾಡಬೇಕಾಗಿತ್ತು. ಇಲ್ಲಿ ಬೆಂಗಳೂರಿನ ಪಾತ್ರ ಬರುತ್ತದೆ. ಅಲ್ಲಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿ ಶ್ರೀವತ್ಸ ವಡ್ಡಗಿರಿ ಅವರು ಸಂಸ್ಕಾರಕದ ಸಮಯವನ್ನು ಗುಂಪುಗಳಿಗೆ ಪಾಲು ಮಾಡುವ ಕೆಲಸದಲ್ಲಿ ತೊಡಗಿದ್ದರು. ಅದೇ ಕೇಂದ್ರದ ಬಲ್ಬೀರ್ ಸಿಂಗ್ ಅವರು ಮೆಮೊರಿಯನ್ನು ಅಳೆಯುವ ಸಮಸ್ಯೆಯನ್ನು ಕೈಗೆತ್ತಿಕೊಂಡರು.

ಮೆಮೊರಿಯನ್ನು ಅಳೆಯುವುದರಲ್ಲಿ ಅಂಥ ಕಷ್ಟವೇನು ಎಂದು ನೀವು ಕೇಳಬಹುದು. ನೋಡೋಣ. ಕರ್ನೆಲ್ ಮೆಮೊರಿಯನ್ನು ಸಾಮಾನ್ಯವಾಗಿ 4 ಕಿಲೋಬೈಟ್‌ಗಳ ‘ಪುಟ’ಗಳಾಗಿ ಹಂಚುತ್ತದೆ. 1 ಗಿಗಾಬೈಟ್‌ನಲ್ಲಿ ಇಂಥ 2,62,144 ಪುಟಗಳಿವೆ. ಪ್ರತಿ ಪುಟವೂ ಯಾರ ಲೆಕ್ಕಕ್ಕೆ ಎಂದು ಬರೆದಿಡಬೇಕು, ಆ ಲೆಕ್ಕದ ಪುಸ್ತಕವೇ ಮೆಮೊರಿಯನ್ನು ನುಂಗಬಾರದು, ಲೆಕ್ಕ ಬರೆಯುವ ಕೆಲಸ ಗಣಕವನ್ನು ನಿಧಾನಗೊಳಿಸಬಾರದು.

ಇನ್ನೊಂದು ಗಂಟು: ಹಂಚಿಕೊಂಡ ಪುಟ. ಎರಡು ಗುಂಪುಗಳು ಒಂದೇ ಕಡತವನ್ನು ಓದಿದರೆ ಕರ್ನೆಲ್ ಅದರ ಒಂದೇ ಪ್ರತಿಯನ್ನು ಮೆಮೊರಿಯಲ್ಲಿ ಇಡುತ್ತದೆ. ಅದು ಯಾರ ಖರ್ಚು? ಇಬ್ಬರಿಗೂ ಅರ್ಧರ್ಧ ಎನ್ನುವುದು ನ್ಯಾಯವೇ ಸರಿ, ಆದರೆ ಮೂರನೆಯವನು ಬಂದಾಗ, ಒಬ್ಬನು ಹೋದಾಗ ಮತ್ತೆ ಮತ್ತೆ ಲೆಕ್ಕ ತಿದ್ದಬೇಕು. ಕೊನೆಗೆ ಆಯ್ದ ನಿಯಮ ಸರಳವಾದದ್ದು: ಮೊದಲು ಮುಟ್ಟಿದವರ ಲೆಕ್ಕಕ್ಕೆ. ಪೂರ್ಣ ನ್ಯಾಯವಲ್ಲ, ಆದರೆ ನಡೆಸಬಹುದಾದ ನಿಯಮ.

ಮೂರನೆಯದು, ಪಾಲು ಮುಗಿದಾಗ ಮಾಡಬೇಕಾದದ್ದು. ಗುಂಪು ತನ್ನ ಮಿತಿಯನ್ನು ಮುಟ್ಟಿದರೆ ಮೊದಲು ಆ ಗುಂಪಿನದೇ ಹಳೆಯ, ಬಳಕೆಯಿಲ್ಲದ ಪುಟಗಳನ್ನು ತೆರವು ಮಾಡಬೇಕು. ಅದೂ ಸಾಲದಿದ್ದರೆ ಆ ಗುಂಪಿನೊಳಗಿನ ಕ್ರಮವಿಧಿಯನ್ನೇ ನಿಲ್ಲಿಸಬೇಕು. ಅಕ್ಕಪಕ್ಕದ ಗುಂಪುಗಳಿಗೆ ಬಿಸಿ ತಟ್ಟಬಾರದು.

2007ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದಲ್ಲಿ ಬಲ್ಬೀರ್ ಸಿಂಗ್ ಮತ್ತು ವೈದ್ಯನಾಥನ್ ಶ್ರೀನಿವಾಸನ್ ಈ ಸವಾಲುಗಳ ಬಗ್ಗೆ ಪ್ರಬಂಧ ಮಂಡಿಸಿದರು. ರಷ್ಯದ ಪಾವೆಲ್ ಎಮೆಲ್ಯಾನೊವ್, ಜಪಾನಿನ ಹಿರೋಯುಕಿ ಕಾಮೆಜಾವಾ ಮುಂತಾದವರೂ ಈ ಕೆಲಸದಲ್ಲಿ ಕೈಜೋಡಿಸಿದ್ದರು. 2008ರ ಏಪ್ರಿಲ್‌ನಲ್ಲಿ ಬಂದ 2.6.25ನೇ ಆವೃತ್ತಿಯಲ್ಲಿ ಮೆಮೊರಿ ನಿಯಂತ್ರಕ ಸೇರ್ಪಡೆಯಾಯಿತು. ಮುಕ್ತ ತಂತ್ರಾಂಶವಾದ್ದರಿಂದ ಪ್ರತಿ ಸಾಲೂ ಬಹಿರಂಗವಾಗಿ ಚರ್ಚೆಯಾಗಿ, ತಿದ್ದಲ್ಪಟ್ಟು ಒಳಗೆ ಬಂದದ್ದು. ಇಂದಿಗೂ ಯಾರು ಬೇಕಾದರೂ ಅದನ್ನು ತೆರೆದು ಓದಬಹುದು.

ಹಡಗಿನ ಪೆಟ್ಟಿಗೆ, ಬೆಲ್ಲದ ಅಚ್ಚು

ಗೋಡೆ, ಅಳತೆ ಎರಡೂ ಸಿದ್ಧವಾದವು. ಅವನ್ನು ಜೋಡಿಸಿ ಬಳಸಲು 2008ರಲ್ಲಿ ‘ಎಲ್‌ಎಕ್ಸ್‌ಸಿ’ ಎಂಬ ಸಲಕರಣೆ ಬಂತು. ಆದರೆ ಅದು ನುರಿತವರ ಕೈಗೆ ಮಾತ್ರ ಹೊಂದುವಂತಿತ್ತು. 2013ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಡಾಟ್‌ಕ್ಲೌಡ್ ಎಂಬ ಸಣ್ಣ ಸಂಸ್ಥೆಯ ಸಾಲೊಮನ್ ಹೈಕ್ಸ್ ಐದು ನಿಮಿಷಗಳ ಪ್ರಾತ್ಯಕ್ಷಿಕೆ ನೀಡಿ ‘ಡಾಕರ್’ ಅನ್ನು ಪರಿಚಯಿಸಿದರು. ಅದೇ ವರ್ಷ ಸಂಸ್ಥೆಯ ಹೆಸರೂ ಡಾಕರ್ ಎಂದೇ ಬದಲಾಯಿತು.

ಡಾಕರ್‌ನ ಹೊಸತನ ಇದ್ದದ್ದು ಕಟ್ಟಿ ಸಾಗಿಸುವ ವಿಧಾನದಲ್ಲಿ. ಹೆಸರಿನ ಹಿಂದಿನ ಹೋಲಿಕೆ ಬಂದರಿನದು. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಉದ್ಯಮಿ 58 ಲೋಹದ ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಹಡಗಿನಲ್ಲಿ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದ. ಪೆಟ್ಟಿಗೆಯಲ್ಲಿ ಏನಿದ್ದರೇನು, ಹೊರಗಿನ ಆಕಾರ ಒಂದೇ ಆದ್ದರಿಂದ ಲಾರಿ, ರೈಲು, ಹಡಗು ಎಲ್ಲದಕ್ಕೂ ಅದು ಹೊಂದಿತು. ಡಾಕರ್ ಇದನ್ನೇ ತಂತ್ರಾಂಶಕ್ಕೆ ಮಾಡಿತು: ಕ್ರಮವಿಧಿ, ಅದಕ್ಕೆ ಬೇಕಾದ ಭಾಷೆಯ ಆವೃತ್ತಿ, ಉಪ ತಂತ್ರಾಂಶಗಳು, ಭಾಷಾ ಹೊಂದಾಣಿಕೆ ಎಲ್ಲವೂ ಒಂದು ಪೆಟ್ಟಿಗೆಯೊಳಗೆ.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. ಇಮೇಜ್ ಎಂದರೆ ಬೆಲ್ಲದ ಅಚ್ಚು ಇದ್ದಂತೆ. ಕಂಟೇನರ್ ಎಂದರೆ ಅದರಿಂದ ತೆಗೆದ ಬೆಲ್ಲ. ಒಂದು ಅಚ್ಚಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ಬೆಲ್ಲ ಕರಗಿದರೂ ಅಚ್ಚಿಗೆ ಚ್ಯುತಿಯಿಲ್ಲ. ಅಚ್ಚು ಹೇಗಿರಬೇಕೆಂದು ‘ಡಾಕರ್‌ಫೈಲ್’ ಎಂಬ ಸರಳ ಪಠ್ಯ ಕಡತದಲ್ಲಿ ಬರೆಯುತ್ತೇವೆ. ಅಚ್ಚು ಪದರ ಪದರವಾಗಿ ರೂಪುಗೊಳ್ಳುತ್ತದೆ. ಮೇಲಿನ ಪದರ ಬದಲಾದರೆ ಕೆಳಗಿನವನ್ನು ಮತ್ತೆ ಕಟ್ಟಬೇಕಿಲ್ಲ, ಮತ್ತೆ ಇಳಿಸಿಕೊಳ್ಳಬೇಕಿಲ್ಲ.

ಮೂರು ಒಲೆ ಹೂಡುವ ಬಗೆ

ಈಗ ನಮ್ಮ ಮಳೆ ದಾಖಲೆಗೆ ಮರಳೋಣ. ಅದರಲ್ಲಿ ಮೂರು ಭಾಗಗಳಿವೆ: ಪರದೆಯ ಮೇಲೆ ಕಾಣುವ ಮುಂಬದಿ, ಲೆಕ್ಕಾಚಾರ ಮಾಡುವ ಹಿಂಬದಿ, ಅಂಕಿಅಂಶ ಕಾಪಿಡುವ ದತ್ತಸಂಚಯ. ಮೂರಕ್ಕೂ ಒಂದೊಂದು ಕಂಟೇನರ್. ಇವನ್ನು ಒಟ್ಟಿಗೆ ನಡೆಸುವ ಸಲಕರಣೆ ಲಂಡನ್ನಿನ ಸಣ್ಣ ಸಂಸ್ಥೆಯೊಂದರ ‘ಫಿಗ್’. 2014ರಲ್ಲಿ ಡಾಕರ್ ಸಂಸ್ಥೆ ಅದನ್ನು ಕೊಂಡಿತು. ಅದೇ ‘ಡಾಕರ್ ಕಂಪೋಸ್’ ಆಯಿತು. ಒಂದು ಕಡತದಲ್ಲಿ ಮೂರೂ ಸೇವೆಗಳನ್ನು ಬರೆದು, ‘ಡಾಕರ್ ಕಂಪೋಸ್ ಅಪ್’ ಎಂಬ ಒಂದೇ ಆದೇಶ ಕೊಟ್ಟರೆ ಮೂರೂ ಒಲೆಗಳು ಹೊತ್ತಿಕೊಳ್ಳುತ್ತವೆ. ಹೊಸಬರು ಎಡವುವ ಐದು ಕಡೆಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

1. ವಿಳಾಸ. ಹಿಂಬದಿಯು ದತ್ತಸಂಚಯವನ್ನು ‘ಲೋಕಲ್‌ಹೋಸ್ಟ್’ ಎಂದು ಹುಡುಕಿದರೆ ಸಿಗದು. ಕಂಟೇನರ್‌ನೊಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ. ನೆರೆಯ ಕಂಟೇನರನ್ನು ಕಂಪೋಸ್ ಕಡತದಲ್ಲಿ ಕೊಟ್ಟ ಸೇವೆಯ ಹೆಸರಿನಿಂದಲೇ ಕರೆಯಬೇಕು.

2. ಪೋರ್ಟು. ದತ್ತಸಂಚಯ ಒಳಗೆ 5432ರಲ್ಲೇ ಇರಲಿ. ಹೊರಗೆ ಬೇರೆ ಸಂಖ್ಯೆಗೆ ಜೋಡಿಸಬಹುದು, ಜೋಡಿಸದೆಯೂ ಇರಬಹುದು. ಶಿರಾದ ತೊಡಕು ಇಲ್ಲಿಗೆ ಮುಗಿಯಿತು.

3. ದಾಖಲೆ ಉಳಿಸುವುದು. ಕಂಟೇನರನ್ನು ಅಳಿಸಿದರೆ ಅದರೊಳಗೆ ಬರೆದದ್ದೂ ಅಳಿಯುತ್ತದೆ. ಒಂದು ವರ್ಷದ ಮಳೆಯ ಲೆಕ್ಕ ಹೀಗೆ ಹೋದರೆ ಮತ್ತೆ ಸಿಗುವುದಿಲ್ಲ. ಅಂಕಿಅಂಶಗಳನ್ನು ‘ವಾಲ್ಯೂಮ್’ ಎಂಬ ಹೊರಗಿನ ಕಣಜದಲ್ಲಿ ಇಡಬೇಕು.

4. ಕ್ರಮವಿಧಿಯ ಕಡತಗಳು. ಕಲಿಯುವಾಗ ದಿನಕ್ಕೆ ಹತ್ತು ಸಲ ತಿದ್ದುತ್ತೇವೆ. ಪ್ರತಿ ಸಲ ಅಚ್ಚು ಕಟ್ಟುವ ಬದಲು ನಿಮ್ಮ ಕಡತಕೋಶವನ್ನು ಕಂಟೇನರ್‌ನೊಳಗೆ ಕಾಣುವಂತೆ ಜೋಡಿಸಿ. ಹೊರಗೆ ತಿದ್ದಿದ್ದು ಒಳಗೂ ಕಾಣುತ್ತದೆ.

5. ಮಿತಿ. ಪ್ರತಿ ಸೇವೆಗೂ ಮೆಮೊರಿಯ ಮಿತಿ ಬರೆಯಿರಿ, ಉದಾಹರಣೆಗೆ 256 ಮೆಗಾಬೈಟ್. ನಿಮ್ಮ ಕ್ರಮವಿಧಿಯ ತಪ್ಪಿನಿಂದ ಮೆಮೊರಿ ಸೋರಿದರೆ ಆ ಕಂಟೇನರ್ ಮಾತ್ರ ನಿಲ್ಲುತ್ತದೆ, ಇಡೀ ಗಣಕ ಸ್ತಬ್ಧವಾಗುವುದಿಲ್ಲ. ಈ ಒಂದು ಸಾಲಿನ ಹಿಂದೆ ಕೆಲಸ ಮಾಡುವುದು ಬೆಂಗಳೂರಿನಲ್ಲಿ ಮೊಳೆತ ಆ ಮೆಮೊರಿ ನಿಯಂತ್ರಕವೇ.

ಪಾವಗಡದ ಗೆಳೆಯರಿಗೆ ಅಂತರಜಾಲವಿಲ್ಲದಿದ್ದರೆ? ಮಧುಗಿರಿಯಲ್ಲೇ ಕಟ್ಟಿದ ಅಚ್ಚನ್ನು ‘ಡಾಕರ್ ಸೇವ್’ ಆದೇಶದಿಂದ ಒಂದು ಕಡತವಾಗಿಸಿ ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಅಲ್ಲಿ ‘ಡಾಕರ್ ಲೋಡ್’ ಮಾಡಿದರಾಯಿತು. ಬುತ್ತಿ ಕಟ್ಟಿಕೊಂಡು ಹೋದವನು ದಾರಿಯಲ್ಲಿ ಹೋಟೆಲು ಹುಡುಕಬೇಕಿಲ್ಲ. ಬುತ್ತಿ ಹಗುರವಾಗಿರಲಿ ಎಂದರೆ ಅಚ್ಚಿನ ತಳಹದಿಯನ್ನು ನೋಡಿ ಆರಿಸಿ. ಪೈಥಾನ್‌ನ ಪೂರ್ಣ ಅಚ್ಚು ಬಿಚ್ಚಿದಾಗ ಹೆಚ್ಚುಕಡಿಮೆ 1 ಗಿಗಾಬೈಟ್ ಇದ್ದರೆ, ‘ಸ್ಲಿಮ್’ ಎಂಬುದು ಅದರ ಕಾಲು ಭಾಗಕ್ಕೂ ಕಡಿಮೆ.

ಇದರ ಮಿತಿಗಳು

ಕಂಟೇನರ್ ಸರ್ವರೋಗ ನಿವಾರಕವಲ್ಲ. ಸೂರು ಒಂದೇ ಆದ್ದರಿಂದ ಕರ್ನೆಲ್‌ನಲ್ಲಿ ಬಿರುಕಿದ್ದರೆ ಎಲ್ಲ ಒಲೆಗಳಿಗೂ ಅಪಾಯ. ಅಪರಿಚಿತರ ಅಚ್ಚನ್ನು ನಂಬಿ ನಡೆಸಬಾರದು. ವಿಂಡೋಸ್ ಗಣಕದಲ್ಲಿ ಲಿನಕ್ಸ್ ಕಂಟೇನರ್ ನಡೆಯುವಾಗ ಮರೆಯಲ್ಲಿ ಒಂದು ಲಿನಕ್ಸ್ ವರ್ಚುವಲ್ ಯಂತ್ರ ಇರುತ್ತದೆ, ಅದಕ್ಕೆ ಹೆಚ್ಚು ಮೆಮೊರಿ ಬೇಕು. ಹಳೆಯ ಗಣಕಗಳಿರುವ ಪ್ರಯೋಗಾಲಯದಲ್ಲಿ ನೇರವಾಗಿ ಲಿನಕ್ಸ್ ಹಾಕುವುದೇ ಲೇಸು. ‘ಲೇಟೆಸ್ಟ್’ ಎಂಬ ಗುರುತಿನ ಅಚ್ಚು ಇಂದು ಒಂದು, ಮುಂದಿನ ವರ್ಷ ಇನ್ನೊಂದು ಆಗಿರಬಹುದು. ಆವೃತ್ತಿಯ ಸಂಖ್ಯೆಯನ್ನು ಬರೆದೇ ಬಳಸಿ.

ಮತ್ತೊಂದು ಮಾತು. ಕಂಟೇನರ್ ಎಲ್ಲರ ಗಣಕವನ್ನೂ ಒಂದೇ ರೀತಿ ಮಾಡುತ್ತದೆ. ಸರಿ ಮಾಡುವುದು ನಮ್ಮ ಕೆಲಸ. ‘ಳ’ಕಾರದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೆಲವು ಪುಟ್ಟ ಲಿನಕ್ಸ್ ಅಚ್ಚುಗಳು ಗಾತ್ರ ಉಳಿಸಲು ಭಾಷಾ ನಿಯಮಗಳನ್ನು ಕೈಬಿಟ್ಟಿರುತ್ತವೆ. ಅಂಥದ್ದನ್ನು ಆರಿಸಿದರೆ ನಾಲ್ಕು ತಾಲ್ಲೂಕುಗಳಲ್ಲೂ ‘ಕಳಸ’ವೇ ಮೊದಲು ಬರುತ್ತದೆ! ತಪ್ಪೂ ಏಕರೂಪವಾಗುತ್ತದೆ. ಆದರೆ ಇದರಲ್ಲಿ ಒಂದು ಲಾಭವಿದೆ. ತಪ್ಪು ಎಲ್ಲಿದೆ ಎಂದು ಬರೆದ ಕಡತದಲ್ಲೇ ಕಾಣುತ್ತದೆ. ಶಿರಾದ ವಿದ್ಯಾರ್ಥಿನಿಯೊಬ್ಬಳು ಅದನ್ನು ಒಂದು ಸಲ ತಿದ್ದಿದರೆ ನಾಲ್ಕೂ ಕಡೆ ಸರಿಹೋಗುತ್ತದೆ.

ಅಧ್ಯಾಪಕರೇ, ಇದನ್ನು ನಿಮ್ಮ ಪ್ರಯೋಗಾಲಯದಲ್ಲಿ ಮಾಡಿ ನೋಡಿ. ಒಂದೇ ಗಣಕದಲ್ಲಿ ಎರಡು ಕಂಟೇನರ್‌ಗಳನ್ನು ಎಬ್ಬಿಸಿ. ಒಂದಕ್ಕೆ ಸಣ್ಣ ಮಿತಿ ಕೊಟ್ಟು, ಅದರೊಳಗೆ ಮುಗಿಯದಂತೆ ಬೆಳೆಯುವ ಪಟ್ಟಿಯ ಕ್ರಮವಿಧಿಯನ್ನು ನಡೆಸಿ. ಅದು ನಿಂತಾಗಲೂ ಪಕ್ಕದ್ದು ನಡೆಯುತ್ತಲೇ ಇರುವುದನ್ನು ಮಕ್ಕಳಿಗೆ ತೋರಿಸಿ. ಯಾಕೆ ಹೀಗಾಯಿತೆಂದು ಅವರು ಕೇಳಿದರೆ 2,62,144 ಪುಟಗಳ ಲೆಕ್ಕದಿಂದ ಪಾಠ ಆರಂಭಿಸಬಹುದು.